ಅಧ್ಯಕ್ಷರ ಮನೆಯ ಮೂರನೇ ಮಗು

ಪದ್ಮನಾಭನಗರ
೧೨ ಫೆಬ್ರವರಿ ೨೦೨೫, ಬುಧವಾರ

ಚಿ. ಸೌ. ಐಶ್ವರ್ಯಳಿಗೆ,

ನಿನ್ನ ಅತ್ತೆಯ ಮನಸಾರೆ ಆಶೀರ್ವಾದಗಳು. ಪದ್ಮನಾಭನಗರದಿಂದ ಇದೇ ಊರಿನ ಶ್ರೀನಗರಕ್ಕೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನೀನು ನಗುತ್ತಿರಬಹುದು. ನೀನು ತವರಿಗೆ ಹೋಗಿ ಐದು ದಿನವಾಯಿತು. ಹೋದ ದಿನವೇ ಬರೆಯಬೇಕಿತ್ತು, ಎರಡು ಸಲ ಕೂತು ಎರಡು ಸಲವೂ ಹಾಳೆ ಹರಿದೆ. ತಡವಾಗಿದ್ದಕ್ಕೆ ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ನಾನು ಫೋನ್ ಎತ್ತಿದ ಕೂಡಲೇ ನಿನ್ನ ಮಾವ “ಸ್ಪೀಕರ್ ಹಾಕೇ, ನಾನೂ ಮಾತಾಡ್ತೀನಿ” ಅನ್ನುತ್ತಾರೆ. ಆ ಮನುಷ್ಯನ ಎದುರು ಗುಟ್ಟು ಹೇಳುವುದೂ ಒಂದೇ, ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಮೈಕ್ ಹಿಡಿಯುವುದೂ ಒಂದೇ.

ಇಲ್ಲಿ ಸುಶ್ರುತ ಆರಾಮಾಗಿದ್ದಾನೆ. ಸ್ಕೂಲಿಗೆ ತಕರಾರಿಲ್ಲದೆ ಹೋಗುತ್ತಿದ್ದಾನೆ, ಬೆಂಡೆಕಾಯಿ ಮಾತ್ರ ಅವರಪ್ಪ ಬಸವಪ್ರಸಾದನ ಹಾಗೆಯೇ ತಟ್ಟೆಯ ಅಂಚಿಗೆ ಸರಿಸುತ್ತಾನೆ. “ಪುಟ್ಟೀನ ಮಾತ್ರ ಯಾಕೆ ಕರ್ಕೊಂಡು ಹೋದ್ಳು ಅಮ್ಮ?” ಎಂದು ದಿನಕ್ಕೊಂದು ಸಲ ಕೇಳುತ್ತಾನೆ. ಪುಟ್ಟಿಯ ನೆಗಡಿ ಹೇಗಿದೆ? ನಿನಗೆ ವಾಂತಿ ಕಡಿಮೆಯಾಯಿತೆ? ಅನ್ನದ ವಾಸನೆ ಆಗದಿದ್ದರೆ ಒತ್ತಾಯ ಮಾಡಿಕೊಳ್ಳಬೇಡ, ಗಂಜಿ ಕುಡಿ.

ನಿನ್ನೆ ನಮ್ಮ ಸಮಾಜದ ಸಂಘದ ಆಹ್ವಾನಪತ್ರಿಕೆ ಅಚ್ಚಾಗಿ ಬಂತು. ಬರುವ ಭಾನುವಾರ ‘ಸಮಾಜದ ಹೆಮ್ಮೆಯ ತಾಯಂದಿರಿಗೆ ಸನ್ಮಾನ’. ನಾಲ್ಕು ಹೆಸರುಗಳಲ್ಲಿ ಮೊದಲನೆಯದು ನಿನ್ನದು. ನಿನಗಿನ್ನೂ ಒಂಬತ್ತು ವಾರ. ಬೀದಿಯ ಹೂವಿನವಳಿಗೂ ಹೇಳದ ಸುದ್ದಿ ಬಣ್ಣದ ಅಚ್ಚಿನಲ್ಲಿ ಮುನ್ನೂರು ಮನೆಗೆ ಹೋಗುತ್ತಿದೆ. “ಮೂರು ತಿಂಗಳಾದ್ರೂ ತುಂಬಲಿ ಅಂತ ಕಾಯಬಾರದಿತ್ತೇನ್ರೀ?” ಎಂದೆ. “ಅಧ್ಯಕ್ಷರ ಮನೇನೇ ಹಿಂದೆ ಉಳಿದ್ರೆ ಜನ ಏನಂತಾರೆ ಕಮಲ?” ಎಂದರು ನಿನ್ನ ಮಾವ. ಇಷ್ಟು ದೊಡ್ಡ ಹಾರ್ಡ್‌ವೇರ್ ಅಂಗಡಿ ನಡೆಸುವ ಮನುಷ್ಯ, ಮಾಲು ಕೈಗೆ ಬರುವ ಮುಂಚೆ ಬೋರ್ಡ್ ಹಾಕಬಾರದೆಂದು ಗೊತ್ತಿಲ್ಲವೇ?

ಇದೆಲ್ಲ ಶುರುವಾದದ್ದು ಕಾರ್ತಿಕದ ಸಭೆಯಲ್ಲಿ. ನೀನೂ ಅಲ್ಲಿದ್ದೆ. ನಿನ್ನ ಮಾವ ಎದ್ದು ನಿಂತು, “ನಾವಿಬ್ಬರು ನಮಗಿಬ್ಬರು ಅಂತ ಹೇಳ್ತಾ ಹೇಳ್ತಾ ಈಗ ಒಂದಕ್ಕೆ ಬಂದು ನಿಂತಿದ್ದೀವಿ. ದೇಶಕ್ಕೆ ದುಡಿಯೋ ಕೈ ಬೇಕು. ನಾವೇ ಕಮ್ಮಿ ಆಗ್ಬಿಟ್ರೆ ನಾಳೆ ದೆಹಲೀಲಿ ನಮ್ಮ ಮಾತು ಯಾರು ಕೇಳ್ತಾರೆ? ಮನೆಗೆ ಮೂರು ಮಕ್ಕಳು! ಮೂರನೇ ಮಗುವಿನ ತಾಯಿಗೆ ಸಂಘದಿಂದ ಬೆಳ್ಳಿ ತೊಟ್ಟಿಲು!” ಎಂದಾಗ ಬಿದ್ದ ಚಪ್ಪಾಳೆ ಅವರಿಗೆ ಇನ್ನೂ ಕೇಳಿಸುತ್ತಿದೆ.

ಅವರು ಹೇಳಿದ್ದು ಪೂರ್ತಿ ಸುಳ್ಳು ಅನ್ನಲಾರೆ. ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆ, ಸ್ಕೂಲ್ ಬ್ಯಾಗ್ ಹೊರುವ ಮಕ್ಕಳು ಮೂವರು. ಮೂಲೆಯ ಟ್ಯೂಷನ್ ಸೆಂಟರ್ ಈಗ ಮಂಡಿ ನೋವಿನ ಕ್ಲಿನಿಕ್ ಆಗಿದೆ. ಪಾರ್ಕಿನ ಜಾರುಬಂಡೆಯ ಮೇಲೆ ವಾಕಿಂಗ್ ಬಂದ ಮುದುಕರು ಸ್ವೆಟರ್ ಬಿಚ್ಚಿಡುತ್ತಾರೆ. ನಾಳೆ ಈ ಬೀದಿಯಲ್ಲಿ ಬಿದ್ದವರನ್ನು ಎತ್ತುವುದಕ್ಕೆ ಯಾರಿರುತ್ತಾರೆ ಎಂದು ನನಗೂ ಭಯವಾಗುತ್ತದೆ.

ಆದರೆ ಆ ದಿನ ಎದ್ದು ನಿಂತು ಕೇಳಬೇಕಾದ್ದನ್ನು ಕೇಳಿದವಳು ಹಿಂದಿನ ರಸ್ತೆಯ ಸುನಿತಾ, ಬ್ಯಾಂಕಿನಲ್ಲಿರುವವಳು. “ಅಂಕಲ್, ತೊಟ್ಟಿಲು ಕೊಡ್ತೀರ, ಸಂತೋಷ. ಆರು ತಿಂಗಳು ಲೀವ್ ಮುಗಿದ್ಮೇಲೆ ಮಗೂನ ಎಲ್ಲಿ ಬಿಡ್ಲಿ? ನಮ್ಮಮ್ಮನಿಗೆ ಬೆನ್ನು ನೋವು, ನಮ್ಮತ್ತೆಗೆ ಸೀರಿಯಲ್ಲು” ಎಂದಳು. ಅಷ್ಟರಲ್ಲೇ ಕಾರ್ಯದರ್ಶಿ ಸೋಮನಾಥ್ ಕಾಫಿ ರೆಡಿಯಾಗಿದೆ ಎಂದು ಘೋಷಿಸಿಬಿಟ್ಟರು. ಅದೇ ಸೋಮನಾಥ್ ಆಮೇಲೆ ಊಟದ ಪಂಕ್ತಿಯಲ್ಲಿ, “ಅಧ್ಯಕ್ಷರೇ, ನಿಮ್ಮನೇಲೇ ಎರಡಕ್ಕೆ ಬ್ರೇಕ್ ಬಿದ್ದಿದೆಯಲ್ಲ ಸಾರ್!” ಎಂದದ್ದು. ಎಲ್ಲರೂ ನಕ್ಕರು. ಬಸವಪ್ರಸಾದನ ಕಿವಿ ಕೆಂಪಾಯಿತು. ನೀನು ಎಲೆ ನೋಡುತ್ತಾ ಕೂತೆ. ಆ ನಗುವಿನಿಂದಲೇ ನೀನಿವತ್ತು ಬಸುರಿ ಎಂದು ನನಗೆ ಅನ್ನಿಸುತ್ತದೆ. ತಪ್ಪು ತಿಳಿಯಬೇಡ.

ಸಂಕ್ರಾಂತಿಯ ಮಾರನೆಯ ದಿನ ನೀನು ಸುದ್ದಿ ಹೇಳಿದಾಗ ನಿನ್ನ ಮಾವ ಅರ್ಧ ದಿನ ಅಂಗಡಿ ಮುಚ್ಚಿ ಜಹಾಂಗೀರ್ ತಂದರು. ನಾನು ಒಲೆಯ ಮುಂದೆ ನಿಂತಿದ್ದೂ ಹಾಲು ಉಕ್ಕಿ ಹೋಯಿತು. “ಅತ್ತೆ, ನಿಮಗೆ ಖುಷಿ ಆಗ್ಲಿಲ್ವಾ?” ಎಂದು ನೀನು ಕೇಳಿದೆ. “ಆಯ್ತಮ್ಮ” ಎಂದೆ. ಖುಷಿಯಾಗಲಿಲ್ಲ ಐಶ್ವರ್ಯ. ಹೆದರಿಕೆಯಾಯಿತು. ಈ ಬಸಿರಿನಲ್ಲಿ ನಿನ್ನನ್ನು ಕಳೆದುಕೊಂಡುಬಿಡುತ್ತೇವೆ ಎನ್ನುವ ಹೆದರಿಕೆ. ಅವತ್ತಿನಿಂದ ಕುಕ್ಕರ್ ಶಿಳ್ಳೆ ಹಾಕಿದರೂ ಬೆಚ್ಚುತ್ತೇನೆ.

ಪುಟ್ಟಿ ಹುಟ್ಟಿದ ದಿನ ನಿನಗೆ ಪ್ರಜ್ಞೆಯಿರಲಿಲ್ಲ, ನನಗಿತ್ತು. ಮಧ್ಯಾಹ್ನ ನರ್ಸ್ ಮಗುವನ್ನು ನನ್ನ ಕೈಗಿಟ್ಟು, ಹೆಣ್ಣು ಗಂಡು ಏನನ್ನೂ ಹೇಳದೆ ಒಳಗೆ ಓಡಿದಳು. ಮಗುವಿನ ಹಿಂದೆ ಬೀಳಬೇಕಾದ ಮಾಸು ಸುಶ್ರುತನ ಸಿಸೇರಿಯನ್ನಿನ ಹಳೆಯ ಹೊಲಿಗೆಗೆ ಅಂಟಿಕೊಂಡಿದೆ, ರಕ್ತ ನಿಲ್ಲುತ್ತಿಲ್ಲ ಎಂದು ಆಮೇಲೆ ಗೊತ್ತಾಯಿತು. ಬಸವಪ್ರಸಾದ ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಬ್ಲಡ್ ಬ್ಯಾಂಕಿಗೆ ಹೋದ. ಆರು ಬಾಟಲಿ ರಕ್ತ ಏರಿಸಿದರು. ಐನೂರು ಜನರ ಮುಂದೆ ಮೈಕಿಲ್ಲದೆ ಮಾತಾಡುವ ನಿನ್ನ ಮಾವ ಕಾರಿಡಾರಿನ ಬೆಂಚಿನಲ್ಲಿ ಅಂಗೈಯಲ್ಲಿ ಲಿಂಗ ಹಿಡಿದು ಕೂತುಬಿಟ್ಟರು. ಇನ್ನೂ ಕಣ್ಣು ಬಿಡದ ಮಗುವನ್ನು ಹಿಡಿದುಕೊಂಡು, ನಾಳೆ ಇದು ಅಮ್ಮ ಎಲ್ಲಿ ಎಂದರೆ ಏನು ಹೇಳಲಿ ಎಂದು ನಾನು ಮೂರು ಗಂಟೆ ಯೋಚಿಸಿದ್ದೇನೆ. ಈಗ ಅದೇ ಪ್ರಶ್ನೆ ಕೇಳಲು ಇಬ್ಬರಿದ್ದಾರೆ, ಇಬ್ಬರಿಗೂ ಮಾತು ಚೆನ್ನಾಗಿ ಬರುತ್ತದೆ.

ಮೊನ್ನೆ ನಿನ್ನ ಮಾವನ ಜೊತೆ ಜಗಳವನ್ನೇ ಆಡಿದೆ. “ದೇಶಕ್ಕೆ ಮಕ್ಕಳು ಬೇಕು ಅಂತೀರಲ್ಲ, ಅವತ್ತು ಆ ಆರು ಬಾಟ್ಲಿ ರಕ್ತ ದೇಶ ತಂದ್ಕೊಡ್ತಾ? ನಿಮ್ಮ ಮಗ ಓಡಿದ” ಎಂದೆ. “ಈಗೆಲ್ಲಾ ಸೌಲಭ್ಯ ಇದೆ ಬಿಡೇ, ಏನೂ ಆಗಲ್ಲ” ಎಂದರು. ಅವರು ಕೆಟ್ಟವರಲ್ಲ, ನಿನಗೂ ಗೊತ್ತು. ಸುನಿತಾಳ ಮಾತು ಅವರನ್ನೂ ಚುಚ್ಚಿದೆ. ಸಂಘದ ಕಟ್ಟಡದ ಕೆಳಗಿನ ಹಾಲಿನಲ್ಲಿ ಶಿಶುವಿಹಾರ ಮಾಡಿ, ದುಡಿಯುವ ತಾಯಂದಿರ ಮಕ್ಕಳನ್ನು ಸಂಜೆವರೆಗೆ ನೋಡಿಕೊಳ್ಳಬೇಕೆಂದು ನಕ್ಷೆ ಬರೆಸುತ್ತಿದ್ದಾರೆ. ಅದನ್ನು ಮಾಡಲಿ. ಬೇಕೆನ್ನುವವರು ಹೆರಲಿ, ಹೆತ್ತವಳ ಕೆಲಸ ಉಳಿಯಲಿ, ಆಸ್ಪತ್ರೆಯಲ್ಲಿ ರಕ್ತವಿರಲಿ, ಮಗುವಿಗೆ ಆಡಲು ಜಾಗವಿರಲಿ. ಬೇಡವೆನ್ನುವವಳನ್ನು ಊಟದ ಪಂಕ್ತಿಯಲ್ಲಿ ನಗಾಡದೆ ಬಿಡಲಿ. ಅಷ್ಟಾದರೆ ಮುಂದಿನ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವವಳು ನಾನೇ.

ನೀನು ಭಾನುವಾರ ಬರಬೇಡ. ನಿನ್ನ ಮಾವನನ್ನು ನಾನು ನೋಡಿಕೊಳ್ಳುತ್ತೇನೆ. ತವರಿನ ಹತ್ತಿರದ ಹೊಸ ಕ್ಲಿನಿಕ್ಕಿನಲ್ಲಿ ಎಲ್ಲಾ ನಾರ್ಮಲ್ ಎಂದರಂತೆ, ನಿಮ್ಮಮ್ಮ ಹೇಳಿದರು. ಎರಡು ಸಿಸೇರಿಯನ್ ಆಗಿದೆ ಎಂಬುದಷ್ಟೇ ಆ ಕ್ಲಿನಿಕ್ಕಿನವರಿಗೆ ಗೊತ್ತು. ಪುಟ್ಟಿಯ ಹೆರಿಗೆ ಮಾಡಿಸಿದ ಹಳೆಯ ಡಾಕ್ಟರಮ್ಮನನ್ನೇ ನೋಡು, ಇವತ್ತೇ ನೋಡು. ಈ ಕಾಗದ ತಂದ ಸುನಿತಾ ನಿನಗಾಗಿ ರಜೆ ಹಾಕಿದ್ದಾಳೆ, ಅಪಾಯಿಂಟ್‌ಮೆಂಟ್ ಹನ್ನೊಂದಕ್ಕೆ. ಇಟ್ಟುಕೊಳ್ಳುವುದೋ ಬಿಡುವುದೋ ನೀನು, ನಿನ್ನ ಗಂಡ, ಆ ಡಾಕ್ಟರಮ್ಮ ಸೇರಿ ತೀರ್ಮಾನ ಮಾಡಿ. ಸಂಘಕ್ಕೆ ಉತ್ತರ ಹೇಳಲು ನನಗೆ ಬಾಯಿದೆ.

ನೀನು ನೂರು ಕಾಲ ಬಾಳಬೇಕು. ಮಕ್ಕಳ ಮದುವೆಯಲ್ಲಿ ಜರಿ ಸೀರೆಯುಟ್ಟು ಓಡಾಡಬೇಕು, ನನಗೆ ವಯಸ್ಸಾದಾಗ ನನ್ನ ಮೇಲೆ ರೇಗಬೇಕು. ನಾನು ದೇವರಲ್ಲಿ ಕೇಳುವುದು ಇಷ್ಟೇ.

ನಿನ್ನ ಅತ್ತೆ,
ಕಮಲಾದೇವಿ

ತಾ.ಕ.: ಇದು ಮರೆತು ಸೇರಿಸುತ್ತಿರುವುದಲ್ಲ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಇದರ ಜೊತೆಗಿರುವ ಹಾಳೆ ನಿನ್ನ ಡಿಸ್ಚಾರ್ಜ್ ಸಮ್ಮರಿಯ ಎರಡನೇ ಪುಟ. ಡಿಸ್ಚಾರ್ಜ್ ಆದ ದಿನ ನೀನು ಪುಟ್ಟಿಗೆ ಹಾಲೂಡಿಸುತ್ತಿದ್ದೆ, ಬಸವಪ್ರಸಾದ ಕೆಳಗೆ ಬಿಲ್ ಕಟ್ಟುತ್ತಿದ್ದ. ಡಾಕ್ಟರಮ್ಮ ನನ್ನನ್ನು ಕರೆದು, “ಗರ್ಭಕೋಶ ಹೇಗೋ ಉಳಿಸಿದ್ದೀವಿ ಅಮ್ಮ. ಇನ್ನೊಂದು ಬಸಿರು ಬೇಡ್ವೇ ಬೇಡ, ಜೀವಕ್ಕೆ ಅಪಾಯ. ಇದ್ರಲ್ಲಿ ಬರ್ದಿದ್ದೀನಿ, ಇಬ್ರಿಗೂ ತಿಳಿಸಿ ಹೇಳಿ” ಎಂದರು. ವಾರದ ಮೇಲೆ ನಿನ್ನ ಹೊಲಿಗೆ ನೋಡಿದ್ದು ಬೇರೆ ಡಾಕ್ಟರ್. ನಿನಗೆ ನಾನು “ರೆಸ್ಟ್ ತಗೋಬೇಕಂತೆ” ಎಂದಷ್ಟೇ ಹೇಳಿ, ಈ ಪುಟವನ್ನು ಫೈಲಿನಿಂದ ತೆಗೆದು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ. ಮೂರು ವರ್ಷ ಅದು ಅಲ್ಲೇ ಇತ್ತು. ಕಾರ್ತಿಕದ ಸಭೆಯ ದಿನವೂ, ನೀನು ಸುದ್ದಿ ಹೇಳಿದ ದಿನವೂ ನಾನು ಬಾಯಿ ಬಿಡಲಿಲ್ಲ.

ನೀನು ಹೆದರುತ್ತೀಯೆಂದು ಮುಚ್ಚಿಟ್ಟೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು. ನಿನ್ನ ಮಾವನ ಭಾಷಣಕ್ಕೆ ಎಷ್ಟೋ ಮುಂಚೆ, ಆ ಆಸ್ಪತ್ರೆಯ ಬಾಗಿಲಲ್ಲೇ, ನನಗೆ ಇನ್ನೊಂದು ಮೊಮ್ಮಗು ಬೇಕಿತ್ತು. ಇವತ್ತು ಸಂಜೆ ನಿನ್ನ ಗಂಡನಿಗೂ ಮಾವನಿಗೂ ಇದನ್ನು ನಾನೇ ಹೇಳುತ್ತೇನೆ. ನೀನು ಚಪ್ಪಲಿ ಮೆಟ್ಟಿಕೊಂಡು ಹೊರಡು, ಈ ಹಾಳೆಯನ್ನು ಡಾಕ್ಟರಮ್ಮನ ಕೈಗೆ ಕೊಡು.