ಒಂದನೇ ಪ್ರತಿವಾದಿಯವರ ಗಮನಕ್ಕೆ

ರೀ,

ನಾನು ಕೋರ್ಟಿಗೆ ಮೊದಲು ಹೊರಟಿದ್ದೇನೆ. ವಾದಿ, ಪ್ರತಿವಾದಿ ಇಬ್ಬರೂ ಒಂದೇ ಆಟೋದಿಂದ ಇಳಿದರೆ ಚೆನ್ನಾಗಿರಲ್ಲ ಅಂತ ವಕೀಲರು ಹೇಳಿದ್ದಾರೆ. ನೀವು ಹತ್ತು ಗಂಟೆಗೆ ಹೊರಡಿ.

ತಿಂಡಿ ಮುಚ್ಚಿಟ್ಟಿದ್ದೇನೆ. ಮಾತ್ರೆ ತಿಂಡಿ ಆದಮೇಲೆ, ಮೊದಲಲ್ಲ. ಬಿಳಿ ಅಂಗಿ ಕುರ್ಚಿಯ ಮೇಲಿದೆ. ಇಸ್ತ್ರಿ ಮಾಡಿದ್ದು ನಿಮ್ಮ ಮೇಲೆ ದಾವೆ ಹಾಕಿದವಳೇ.

ಮೂವತ್ತೊಂದು ವರ್ಷ ಸರ್ಕಾರಿ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಾ ಕೂತು ಊರವರ ತಪ್ಪೆಲ್ಲ ತಿದ್ದಿದಿರಿ. ನಿಮ್ಮ ನಂತರ ಪಿಂಚಣಿ ಯಾರಿಗೆ ಅನ್ನುವ ಫಾರಂನಲ್ಲಿ ಗುಮಾಸ್ತ 'ಹೆಂಡತಿ' ಅನ್ನುವ ಕಡೆ ನಿಮ್ಮ ಅಕ್ಕನ ಹೆಸರು ಬರೆದರೆ, ಓದದೆ ಸಹಿ ಹಾಕಿ ಬಂದಿರಿ. ಈಗ ಅದನ್ನು ತಿದ್ದಬೇಕಾದರೆ ನಾನೇ ನಿಮ್ಮ ಹೆಂಡತಿ ಎಂದು ಕೋರ್ಟು ಘೋಷಿಸಬೇಕಂತೆ. ಅಡುಗೆಗೆ ಉಪ್ಪು ಹೆಚ್ಚಾಯಿತು ಅನ್ನುವಾಗ ಮಾತ್ರ ನಿಮಗೆ ಯಾವ ತೀರ್ಪೂ ಬೇಕಿರಲಿಲ್ಲ.

ಎರಡನೇ ಪ್ರತಿವಾದಿ, ಅಂದರೆ ನಿಮ್ಮ ಅಕ್ಕ, ಕೋರ್ಟಿನ ಗೇಟಿನ ಹತ್ತಿರ ಕಾಯುತ್ತಾರೆ. ಬೆಳಗ್ಗೆಯೇ ಫೋನ್ ಮಾಡಿ, "ನಿನ್ನ ವಿರುದ್ಧ ನಾನೇನ್ ಹೇಳ್ಬೇಕೇ? ಒಂದು ಹಾಳೇಲಿ ಬರ್ಕೊಡು" ಅಂತ ನನ್ನನ್ನೇ ಕೇಳಿದರು.

ನ್ಯಾಯಾಧೀಶರು "ಇವರು ನಿಮ್ಮ ಹೆಂಡತೀನಾ?" ಅಂದರೆ ತಕ್ಷಣ ಹೌದು ಅನ್ನಿ. ವಕೀಲರು ಕೇಳಿದಾಗ ಮಾಡಿದ ಹಾಗೆ ಕನ್ನಡಕ ಒರೆಸುತ್ತಾ ಯೋಚನೆ ಮಾಡಬೇಡಿ.

ನಿಮ್ಮ ಆಪರೇಷನ್ನಿಗೆ ಮೊದಲು ಇದು ಮುಗಿಯಲೇಬೇಕು ಎಂದು ಹಠ ಹಿಡಿದವರು ನೀವು. ಆಗಲಿ, ಗೆಲ್ಲುತ್ತೇನೆ. ವಾಪಸ್ ಬರುವಾಗ ಒಂದೇ ಆಟೋದಲ್ಲಿ ಬರೋಣ.

ಆ ಪಿಂಚಣಿಗೆ ಮಾತ್ರ ನನಗೇನೂ ಅವಸರವಿಲ್ಲ, ನೆನಪಿರಲಿ.