ಸಾಹೇಬರು ಕುಡಿದದ್ದು

ಭಾನುವಾರ, 8. ಬೆಳಿಗ್ಗೆ

ಕಾರಿನ ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದು ರೇಡಿಯೇಟರಿನ ಮುಚ್ಚಳ ತೆಗೆದೆ. ಕೆಳಗಿನ ಹೋಸ್ ಬಿಚ್ಚಿ ಹಳೆಯ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ಹಸಿರು ನೀರು, ಟಬ್ಬಿಗೆ ಬಿಟ್ಟೆ. ಈ ಮನೆಯಲ್ಲಿ ನೀರಿಳಿಸುವ ಖಾತೆ ಹೆಂಡತಿಯದು. ಇವತ್ತು ಮೊದಲ ಸಲ ನಾನೂ ಒಬ್ಬರ ನೀರಿಳಿಸಿದೆ.

"ಗ್ಯಾರೇಜಿಗೆ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?" ಎಂದಳು. "ಅದೂ ನನ್ನ ಬಟ್ಟೆ ನೆನೆಸೋ ಟಬ್ಬೇ ಬೇಕಾಗಿತ್ತಾ?"

"ತೊಳೆದು ಕೊಡ್ತೀನಿ ಮಹಾರಾಯ್ತಿ."

ಸೋರುತ್ತಿದ್ದ ಮೇಲಿನ ಹೋಸ್ ಬದಲಿಸಿದೆ. ಹೊಸ ಕೂಲಂಟ್ ತುಂಬಿ, ಗುಳ್ಳೆ ನಿಲ್ಲುವವರೆಗೆ ಇಂಜಿನ್ ಓಡಿಸಿದೆ. ಈಗ ಟೆಂಪರೇಚರ್ ಮುಳ್ಳು ಅಪ್ಪಟ ಮಧ್ಯಮ ವರ್ಗ — ಮೇಲೂ ಏರದು, ಕೆಳಗೂ ಇಳಿಯದು. ಟಬ್ಬು ಗೇಟಿನ ಪಕ್ಕ ಇಟ್ಟಿದ್ದೇನೆ. ಆಮೇಲೆ ಚೆಲ್ಲಿದರಾಯಿತು.

ಮಧ್ಯಾಹ್ನ

ಟಬ್ಬಿನ ಮುಂದೆ ಸಾಹೇಬರು! ಪಕ್ಕದ ಮನೆಯ ಟೈಲರಮ್ಮನ ನಾಯಿ. ಒಂಟಿ ಹೆಂಗಸಿಗೆ ಇರುವ ಒಂದೇ ಜೀವ. ಮೀಸೆಯೆಲ್ಲ ಹಸಿರು. ಚೆನ್ನಾಗಿಯೇ ಇಳಿಸಿದ್ದರು. ಓಡಿಸಿದೆ. ಹೆಂಡತಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ.

ಸಂಜೆ

ಸಾಹೇಬರು ತೂರಾಡುತ್ತಿದ್ದಾರೆ. "ಏನಾಯ್ತಪ್ಪಾ ಇವನಿಗೆ?" ಎಂದು ಟೈಲರಮ್ಮ ಕಾಂಪೌಂಡಿನ ಆಚೆಯಿಂದ ಕೇಳಿದರು. "ಎಲ್ಲೋ ಪಾರ್ಟಿಗೆ ಹೋಗಿ ಬಂದಿದಾರೆ ಬಿಡೀಮ್ಮಾ" ಎಂದೆ. ಅವರು ನಕ್ಕರು.

ಒಳಗೆ ಬಂದು ಕೂಲಂಟ್ ಡಬ್ಬದ ಹಿಂಬದಿ ಓದಿದೆ. ಸಿಹಿ ಇರುತ್ತದಂತೆ. ವಿಷವಂತೆ. ಮನುಷ್ಯರಿಗೂ, ಪ್ರಾಣಿಗಳಿಗೂ.

ಟಬ್ಬು ಮೂರು ಸಲ ತೊಳೆದೆ. ಪಕ್ಕದ ಮನೆಗೆ ಹೋಗಲಿಲ್ಲ.

ಸೋಮವಾರ, 9

ಸಾಹೇಬ ಏಳುತ್ತಲೇ ಇಲ್ಲ. ನನ್ನ ಕಾರಿನಲ್ಲೇ ಪ್ರಾಣಿಗಳ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ಟೈಲರಮ್ಮ, ಮಡಿಲಲ್ಲಿ ಅವನ ತಲೆ. ದಾರಿಯುದ್ದಕ್ಕೂ ಮುಳ್ಳು ನಡುವೆಯೇ ನಿಂತಿತ್ತು. ನಾನು ಅದನ್ನೇ ನೋಡಿಕೊಂಡು ಓಡಿಸಿದೆ... ಒಳಗೊಳಗೇ ಹೆಮ್ಮೆಯೂ ಆಯಿತು. ಥೂ.

ಡಾಕ್ಟರ್ ಕೇಳಿದರು: "ಏನಾದ್ರೂ ತಿಂದಿತ್ತಾ, ಕುಡಿದಿತ್ತಾ? ನೆನಪು ಮಾಡ್ಕೊಳ್ಳಿ."

"ನಿನ್ನೆ ಒಡೆದ ಹಾಲು ಹಾಕಿದ್ದೆ" ಎಂದರು ಟೈಲರಮ್ಮ. "ಚೆಲ್ಲೋಕೆ ಮನಸ್ಸಾಗಲಿಲ್ಲ. ಅದೇ ಇರಬೇಕು, ಅಲ್ವೇನಪ್ಪಾ?"

ನನ್ನತ್ತ ತಿರುಗಿ ಕೇಳಿದರು. ಎದುರಿಗೆ ನಾಯಿಗಳ ಲಸಿಕೆಯ ಚಾರ್ಟು ಇತ್ತು. ಓದಿದೆ.

ಮಧ್ಯಾಹ್ನ

ಆಫೀಸಿನ ಮೆಟ್ಟಿಲ ಕೆಳಗೆ ನಿಂತು ಡಾಕ್ಟರಿಗೆ ಫೋನ್ ಮಾಡಿದೆ. ಹೆಸರು ಹೇಳಲಿಲ್ಲ. ದನಿ ಸ್ವಲ್ಪ ದಪ್ಪ ಮಾಡಿಕೊಂಡೆ — ಈ ವಯಸ್ಸಿನಲ್ಲಿ ನಾಟಕ! "ಬೆಳಿಗ್ಗೆ ಬಂದ ನಾಯಿ... ಕೂಲಂಟ್ ಕುಡಿದಿದೆ. ನಿನ್ನೆ ಮಧ್ಯಾಹ್ನ."



"ಇದಕ್ಕೆ ಔಷಧ ಇದೆ, ಸರ್. ಬೇಗ ಕೊಡಬೇಕು ಅಷ್ಟೇ. ಬೆಳಿಗ್ಗೆ ಪಕ್ಕದಲ್ಲೇ ನಿಂತಿದ್ರಲ್ಲ, ಯಾಕೆ ಹೇಳಲಿಲ್ಲ?"

ಫೋನ್ ಇಟ್ಟೆ.

ಗುರುವಾರ, 12

ಸಾಹೇಬ ನಿನ್ನೆ ಹೋದ. ಕಿಡ್ನಿ. ಗುಂಡಿ ತೋಡಿದ್ದು ನಾನೇ. "ಮಗನ ಹಾಗೆ ನಿಂತೆಯಪ್ಪಾ" ಎಂದರು ಟೈಲರಮ್ಮ. ಯಾರೂ ಇನ್ನೂ ಅವರಿಗೆ ಏನೂ ಹೇಳಿಲ್ಲ. ಡಾಕ್ಟರ್ ನನಗೇ ಬಿಟ್ಟಿರಬೇಕು.

ಬೆಳಿಗ್ಗೆ ಹಾಲಿನವನು ಬಂದಿದ್ದ. ಟೈಲರಮ್ಮ ಗೇಟಿನಲ್ಲೇ ನಿಲ್ಲಿಸಿದರು. "ಇನ್ಮೇಲೆ ಬೇಡಪ್ಪಾ. ಹಾಲು ಕಂಡ್ರೆ ಅವನನ್ನ ಕೊಂದದ್ದು ನಾನೇ ಅನ್ನಿಸುತ್ತೆ." ಅವನು ಸೈಕಲ್ ತಿರುಗಿಸಿಕೊಂಡ. ನಾನು ಕಿಟಕಿಯ ಹಿಂದಿದ್ದೆ. ನನ್ನ ಹಿಂದೆ ಹೆಂಡತಿ.

"ನೀವು ಹೇಳ್ತೀರಾ, ನಾನು ಹೇಳ್ಲಾ?"

ಜೋಕು ಏನೂ ಹೊಳೆಯಲಿಲ್ಲ.

ಹೋಗುತ್ತೇನೆ. ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತಿದೆ, ಅಂದರೆ ಮನೆಯಲ್ಲೇ ಇದ್ದಾರೆ. ಅಲ್ಲಿ ನಿಂತ ಮೇಲೆ ನಾಲಿಗೆ ಹೊರಳುವುದಿಲ್ಲ. ಮೊದಲ ಮಾತನ್ನಾದರೂ ಇಲ್ಲೇ ಬರೆದು, ಬಾಯಿಪಾಠ ಮಾಡಿಕೊಂಡು —

ಅಮ್ಮಾ, ಹಾಲಿನದೇನೂ ತಪ್ಪಿಲ್ಲ. ನಿಮ್ಮದೂ ಇಲ್ಲ. ಭಾನುವಾರ ನಾನು —