ಬಲಗಾಲಿನ ಬೂಟು

ಅಪ್ಪ,

ಈಗಷ್ಟೇ ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಬೆಳಿಗ್ಗೆ ಕಬಿನಿ ಹೊಳೆಯ ಕಡೆಯಿಂದ ಬೇಸಿಗೆಯ ಎರಡನೇ ಮಳೆ ಬಂದು ಹೋಯಿತು. ಕಾಫಿ ಹೂ ಉದುರಿ ಮುಗಿದಿದೆ. ನೀನು ಎಂದೂ ಕಳೆ ಕೀಳಲು ಬಿಡದ ಬೇಲಿಯಂಚಿನಲ್ಲಿ ಈಗ ಕಣ್ಣು ಹಾಯುವಷ್ಟೂ ತುಂಬೆ ಹೂ. ಹತ್ತಿರ ಹೋಗಿ ನೋಡೋಣವೆಂದರೆ ಕೆಸರು, ಹಾವಿನ ಭಯ. ಕೊಟ್ಟಿಗೆಯ ಕಂಬದಲ್ಲಿದ್ದ ನಿನ್ನ ಗಂಬೂಟುಗಳನ್ನು ಮೊದಲ ಸಲ ಇಳಿಸಹೋದೆ. ಎಡಗಾಲಿನದು ಕೈಗೆ ಬಂತು. ಬಲಗಾಲಿನದು ಗುಂಯ್‌ಗುಟ್ಟಿತು!

ಇಣುಕಿ ನೋಡಿದರೆ ಒಳಗೆಲ್ಲ ಜೇನು, ಅಪ್ಪ. ಅಂಗೈಯಗಲದ, ಮೇಣದ ಬಿಳಿಯ ಹೊಸ ಎರಿ. ತುಂಬೆಯ ಕಡೆಯಿಂದ ಒಂದೊಂದೇ ಹುಳ ಬಂದು, ನಿನ್ನ ಕಾಲು ಇಳಿಯುತ್ತಿದ್ದ ದಾರಿಯಲ್ಲೇ ಇಳಿಯುತ್ತಿತ್ತು.

ನಿನ್ನ ಸೂತಕ ಕಳೆದ ದಿನ ಅಮ್ಮ ಮನೆಯನ್ನೆಲ್ಲ ತೊಳೆದಳು. ಹುಳ ಬಿಟ್ಟುಹೋಗಿದ್ದ ನಿನ್ನ ಜೇನುಪೆಟ್ಟಿಗೆಯನ್ನೂ ಸೋಪು ಹಾಕಿ ಉಜ್ಜಿದಳು. ಆಮೇಲೆ ಅದರತ್ತ ಒಂದು ಹುಳವೂ ಸುಳಿಯಲಿಲ್ಲ. ಈ ಬೂಟುಗಳನ್ನು ಮಾತ್ರ ನಾನು ಹಠ ಮಾಡಿ ತೊಳೆಯಲು ಕೊಟ್ಟಿರಲಿಲ್ಲ. ನೀರು ನುಗ್ಗದಿರಲೆಂದು ನೀನು ಬಿರುಕುಗಳಿಗೆ ತುಂಬಿದ್ದ ಜೇನುಮೇಣ ಅವುಗಳಲ್ಲಿ ಹಾಗೇ ಉಳಿದಿತ್ತು; ಅದರ ವಾಸನೆಗೇ ಹಿಂಡು ಬಂದಿರಬೇಕು.

ಅಮ್ಮನನ್ನು ಕೂಗಿದೆ. ಬಂದವಳು ಬೂಟಿನೊಳಗೆ ಬಗ್ಗಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಕೈಯಿಂದ ಎಡಗಾಲಿನ ಬೂಟನ್ನು ತೆಗೆದುಕೊಂಡು, ಮತ್ತೆ ಅದೇ ಕಂಬಕ್ಕೆ ನೇತುಹಾಕಿದಳು.

“ಇದ್ನ ತೊಳೀಬ್ಯಾಡ, ಮಗಳೇ,” ಅಂದಳು. “ಇನ್ನೊಂದು ಹಿಂಡು ಬಂದ್ರೆ ಬೇಕಾಯ್ತದೆ.”